ಬೇಸಿಗೆಯಲ್ಲಿ ಕಾರಿನ ಎ.ಸಿ. ಕೈಕೊಡುವುದೇಕೆ?

ಪ್ರಶ್ನೆ: ಭೀಮಾತೀರದ ಘತ್ತರಗಿಯ ಭಾಗ್ಯವಂತಿ ದೇವಿಯ ದರ್ಶನಕ್ಕೆ ಹೋಗುವಾಗ ದಾರಿಯುದ್ದಕ್ಕೂ ತಂಪನ್ನೀಯುವ ಕಾರಿನ ಎ.ಸಿ., ಗುಡಿಯ ಸಮೀಪದ ವಾಹನಸಂದಣಿಯಲ್ಲಿ ಬಿಸಿಗಾಳಿ ಬಿಡುವುದೇಕೆ?

ಉತ್ತರ: ಎ.ಸಿ.ಯು ಶೈತ್ಯವನ್ನು ಸೃಷ್ಟಿಸುವುದಿಲ್ಲ; ಒಳಗಿನ ಉಷ್ಣವನ್ನು ಹೀರಿ, ಅನೇಕ ಕಾರುಗಳಲ್ಲಿ ಆರ್-134ಎ ಎಂಬ ಅನಿಲದ ಮುಖಾಂತರ, ಮುಂಭಾಗದ ಕಂಡೆನ್ಸರಿನಿಂದ ಹೊರಚೆಲ್ಲುತ್ತದೆ. ವಾಹನವು ಓಡುವಾಗ ಎದುರುಗಾಳಿಯೇ ಕಂಡೆನ್ಸರನ್ನು ತಣಿಸುವುದರಿಂದ ನ್ಯೂನತೆಯಿದ್ದರೂ ಗೋಚರಿಸದು; ಆದರೆ ತಾಪವು 40 ಡಿಗ್ರಿಯನ್ನು ಮೀರುವ ಭೀಮಾತೀರದ ಬೇಸಿಗೆಯಲ್ಲಿ ವಾಹನವು ನಿಂತೊಡನೆ ತಣಿಸುವ ಭಾರವೆಲ್ಲವೂ ಕಂಡೆನ್ಸರಿನ ಫ್ಯಾನಿನ ಮೇಲೆ ಬೀಳುವುದರಿಂದ, ಫ್ಯಾನು ತಿರುಗದಿದ್ದರೆ, ಅಥವಾ ಎರೆಮಣ್ಣಿನ ಧೂಳಿನಿಂದ ಕಂಡೆನ್ಸರಿನ ಸಂದುಗಳು ಮುಚ್ಚಿಹೋಗಿದ್ದರೆ, ಅನಿಲದ ಒತ್ತಡವು ಮಿತಿಮೀರಿ, ರಕ್ಷಣಾರ್ಥವಾಗಿ ಅಳವಡಿಸಿದ ಸ್ವಿಚ್ಚು ಅನಿಲವನ್ನು ಒತ್ತಿ ಹರಿಸುವ ಕಂಪ್ರೆಸರನ್ನು ನಿಲ್ಲಿಸಿಬಿಡುತ್ತದೆ; ಆಗ ಬಿಸಿಗಾಳಿ ಬರುತ್ತದೆ.

ಆದಕಾರಣ ಮೊದಲು ಎ.ಸಿ. ಹಚ್ಚಿ, ಕೈ ದೂರವಿರಿಸಿ, ಫ್ಯಾನು ತಿರುಗುವುದೋ ನೋಡಿರಿ. ತಿರುಗದಿದ್ದರೆ ಫ್ಯೂಸು, ರಿಲೇ, ಮೋಟಾರುಗಳನ್ನು ಪರೀಕ್ಷಿಸಿರಿ. ಎಂಜಿನ್ ಪೂರ್ಣ ತಣಿದ ತರುವಾಯ ಕಂಡೆನ್ಸರನ್ನು ನೀರಿನ ಮೆಲುಧಾರೆಯಿಂದ ತೊಳೆಯಿರಿ. ಓಡುವಾಗಲೂ ತಂಪು ಬಾರದಿದ್ದರೆ ಅನಿಲವು ಸೋರಿರಬಹುದೆಂದು ಶಂಕಿಸತಕ್ಕದ್ದು. ಸೋರಿಕೆಯನ್ನು ಸರಿಪಡಿಸದೆ ಪುನಃಪುನಃ ಗ್ಯಾಸ್ ತುಂಬಿಸುವುದು ವ್ಯರ್ಥವ್ಯಯವಷ್ಟೇ ಅಲ್ಲ, ಸೋರುವ ಅನಿಲವು ಭೂಮಿಯ ತಾಪವನ್ನೂ ಹೆಚ್ಚಿಸುವುದರಿಂದ, ದಯಮಾಡಿ ದೋಷವನ್ನು ಮೊದಲು ದುರಸ್ತಿ ಮಾಡಿಸಿರಿ.