ಎದೆಯೊಡೆಯುವುದು ಎಂದರೇನು?

ಭಯವೋ ದುಃಖವೋ ಮಿತಿಮೀರಿದಾಗ ‘ಎದೆಯೊಡೆಯಿತು’ ಎನ್ನುವುದು ನಮ್ಮ ವಾಡಿಕೆ. ಇದು ಬರಿಯ ಅಲಂಕಾರದ ಮಾತಲ್ಲ. ದೇಹಶಾಸ್ತ್ರದಲ್ಲಿಯೂ ಇದಕ್ಕೆ ಆಧಾರವುಂಟು.

ಪೂರ್ಣ ಅರಿವಳಿಕೆಯಲ್ಲಿರುವ ರೋಗಿಗೆ ಶಸ್ತ್ರಚಿಕಿತ್ಸೆಯ ನೋವು ತಿಳಿಯದು. ಆದರೂ ಅವನ ದೇಹಕ್ಕೆ ಆ ಪೆಟ್ಟು ತಾಗದೆ ಇರದು. ಮುನ್ನಿನ ಭಯ, ಗಾಯ, ಎಚ್ಚರವಾದ ಮೇಲಿನ ನೋವು ಇವುಗಳಿಂದ ಅಡ್ರಿನಲಿನ್ ಮೊದಲಾದ ರಸಗಳು ರಕ್ತದಲ್ಲಿ ಹೆಚ್ಚುತ್ತವೆ. ಹಿತಮಿತವಾಗಿದ್ದರೆ ಕಾಪಾಡುವ ಈ ರಸಗಳು ಮಿತಿಮೀರಿದರೆ ಹೃದಯದ ಸ್ನಾಯುವನ್ನು ಮಂಕಾಗಿಸಬಲ್ಲವು. ಆಗ ಎಡ ಹೃತ್ಕುಕ್ಷಿಯ ತುದಿಯು ಸಂಕುಚಿಸಲಾರದೆ ಉಬ್ಬುತ್ತದೆ. 1990ರಲ್ಲಿ ಜಪಾನಿನ ವೈದ್ಯರು ಇದನ್ನು ‘ಟಕೊಟ್ಸುಬೊ’ ಎಂದು ಕರೆದರು. ಅದು ಅಲ್ಲಿನ ಬೆಸ್ತರು ಆಕ್ಟೋಪಸ್ ಹಿಡಿಯಲು ಬಳಸುವ ಮಡಕೆಯ ಹೆಸರು. ಉಬ್ಬಿದ ಹೃದಯದ ಆಕಾರವೂ ಹಾಗೆಯೇ.

ಮುಟ್ಟು ನಿಂತ ಸ್ತ್ರೀಯರಲ್ಲಿ ಈ ತೊಂದರೆ ಹೆಚ್ಚು. ಎದೆನೋವು, ಏದುಸಿರುಗಳು ಹೃದಯಾಘಾತವನ್ನೇ ಹೋಲುತ್ತವೆ. ಆದರೆ ಅದಕ್ಕೆ ಕಾರಣವಾಗುವಂತಹ ತಡೆ ರಕ್ತನಾಳಗಳಲ್ಲಿ ಕಾಣದು. ಬಹುಮಂದಿಯ ಹೃದಯ ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತದೆ. ಆದರೆ ಮೊದಲ ದಿನಗಳು ಅಪಾಯದವು. ಕೆಲವರು ಪ್ರಾಣವನ್ನೇ ಕಳೆದುಕೊಳ್ಳುವುದುಂಟು.

ಕೊಪ್ಪಳದಲ್ಲಿ 2015ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾಯಿತು. ಆದರೆ ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಹಳ್ಳಿಯ ಮನೆಯಲ್ಲಿ ಶಸ್ತ್ರಚಿಕಿತ್ಸೆ ಮುಗಿಸಿ ಬಂದ ತಾಯಿ ‘ಎದೆ ಹಿಡಿದಂತಾಗುತ್ತದೆ’ ಎಂದಾಗ ಮೊದಲು ಕೇಳುವವರು ಮನೆಯವರೇ. ‘ವಾಯು ಇರಬೇಕು’ ಎಂದು ಅವರು ಸುಮ್ಮನಾದರೆ ಆಸ್ಪತ್ರೆಯಿದ್ದೂ ಫಲವಿಲ್ಲ. ಒಡನೆಯೇ ಕರೆದೊಯ್ಯಬೇಕು. ಶಸ್ತ್ರಚಿಕಿತ್ಸೆಗೆ ಮುನ್ನವೂ ಹಳೆಯ ರೋಗ, ಸೇವಿಸುವ ಔಷಧ, ಮನಸ್ಸಿನ ಭಯ ಯಾವುದನ್ನೂ ಅರಿವಳಿಕೆಯ ವೈದ್ಯರಿಂದ ಮುಚ್ಚಿಡಬಾರದು. ಭಯವನ್ನು ಹೇಳಿಕೊಳ್ಳುವುದು ಹೇಡಿತನವಲ್ಲ. ಅದು ಹೃದಯವನ್ನು ಕಾಯುವ ಮೊದಲ ಉಪಾಯ.