ಟ್ರಾಕ್ಟರು 'ದಡಕ್' ಎಂದರೆ ಏನು ಮಾಡಬೇಕು?



ಎತ್ತು ಒಂದು ಕಾಲು ಎಳೆದು ನಡೆದರೆ ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆರು ನಿಲ್ಲಿಸಿ, ಗೊರಸು ಎತ್ತಿ ನೋಡುತ್ತೀರಿ. ಆದರೆ ಟ್ರಾಕ್ಟರು 'ದಡಕ್, ದಡಕ್' ಎಂದರೆ? "ಹಳೇ ಗಾಡಿ, ಹಂಗೇ ಅಂತದೆ ಬಿಡಿ" ಎಂದು ಮುಂದಕ್ಕೆ ಹೊಡೆಯುತ್ತೇವೆ. ಇಲ್ಲವೇ ಗೇರ್ ಬಾಕ್ಸೇ ಹೋಯಿತೆಂದು ಹೆದರಿ ಸಾಲಕ್ಕೆ ಓಡುತ್ತೇವೆ. ಎರಡೂ ತಪ್ಪು.

ಒಮ್ಮೆ ಕಬ್ಬಿನ ಕಾಲದಲ್ಲಿ ಮಂಡ್ಯ ಸೀಮೆಯ ರೈತರೊಬ್ಬರು ನನ್ನ ಹತ್ತಿರ ಬಂದು, "ಸಾಹೇಬ್ರೆ, ಗೇರು ಹಾಕಿ ಎಳೆದಾಗಲೆಲ್ಲ ದಡಕ್ ಅಂತದೆ. ಗೇರ್ ಬಾಕ್ಸು ಬಿಚ್ಚಬೇಕಂತೆ. ಒಂದು ಹಸ ಮಾರದೆ ಗತಿಯಿಲ್ಲ" ಎಂದರು. "ತಡೀರಿ ಗೌಡ್ರೇ, ಟ್ರೈಲರು ಕಳಚಿ ಒಂದು ಸುತ್ತು ಹೊಡೆದು ಬನ್ನಿ" ಎಂದೆ. ಹೊಡೆದು ಬಂದರು. ಸದ್ದೇ ಇಲ್ಲ! ಟ್ರೈಲರು ಸಿಕ್ಕಿಸುವ ಪಿನ್ನು ಸವೆದು ನಡುವೆ ಸಣಕಲಾಗಿತ್ತು. ಅದು ಕೂರುವ ಬಳೆಯ ತೂತು ಅಗಲವಾಗಿತ್ತು. ಎರಡನ್ನೂ ಬದಲಾಯಿಸಿದರು, ಹಸು ಕೊಟ್ಟಿಗೆಯಲ್ಲೇ ಉಳಿಯಿತು. ಆದರೆ ಯೋಚಿಸಿ ನೋಡಿ: ಆ ಪಿನ್ನು ಏರುದಾರಿಯಲ್ಲಿ, ತುಂಬಿದ ಲೋಡಿನಲ್ಲಿ ಮುರಿದಿದ್ದರೆ ಹಿಂದೆ ಬರುತ್ತಿದ್ದವರ ಗತಿ ಏನಾಗುತ್ತಿತ್ತು?

ಆದ್ದರಿಂದ ಪಾನ ಹಿಡಿಯುವ ಮೊದಲು ಕಿವಿ ಕೊಡಿ. ಸದ್ದು ಎಲ್ಲಿಂದ ಬರುತ್ತದೆ ಎನ್ನುವುದಕ್ಕಿಂತ ಮೊದಲು, ಯಾವಾಗ ಬರುತ್ತದೆ ಎಂದು ಕೇಳಿಕೊಳ್ಳಿ.

ಗಾಡಿ ನಿಂತಿದ್ದಾಗಲೂ, ಗೇರಿಲ್ಲದೆ ಇಂಜಿನು ಮಾತ್ರ ಓಡುವಾಗಲೂ ಬಡಿತ ಕೇಳಿಸಿದರೆ ಅದು ಇಂಜಿನಿನದು. ಕೂಡಲೇ ಆರಿಸಿ, ಎಣ್ಣೆಯ ಮಟ್ಟ ನೋಡಿ, ಮೆಕ್ಯಾನಿಕ್ಕನನ್ನು ಕರೆಸಿ.

ಹೊರಡುವಾಗ, ಬ್ರೇಕು ಹಾಕುವಾಗ ಒಮ್ಮೆ 'ದಡಕ್' ಎಂದರೆ ಮೊದಲು ಟ್ರೈಲರಿನ ಪಿನ್ನು ನೋಡಿ. ಪಿನ್ನಿನ ಬದಲು ಕಂಬಿ ತುಂಡು ಸಿಕ್ಕಿಸಬೇಡಿ. ತೂತಿಗೆ ಸರಿಯಾಗಿ ಕೂರುವ ಪಿನ್ನು ಹಾಕಿ, ಅದು ಮೇಲೆದ್ದು ಬಾರದಂತೆ ಕ್ಲಿಪ್ಪು ಹಾಕಿ. ಎತ್ತಿನ ಗಾಡಿಗೆ ಕಡಾಣಿ ಹೇಗೋ ಇದಕ್ಕೆ ಕ್ಲಿಪ್ಪು ಹಾಗೆ.

ಚಕ್ರ ಉರುಳಿದಂತೆ ಸದ್ದು ತಾಳ ಹಾಕಿ, ವೇಗ ಹೆಚ್ಚಿದಂತೆ ಬೇಗಬೇಗ ಬಂದರೆ ಚಕ್ರದ ನಟ್ಟು ಸಡಿಲವಿರಬಹುದು. ನಟ್ಟಿನ ಸುತ್ತ ತುಕ್ಕಿನ ಗೆರೆ ಇಳಿದಿದ್ದರೆ ಅದೇ ಸಾಕ್ಷಿ. ಬಿಗಿಯುವಾಗ ಸಾಲಾಗಿ ಬಿಗಿಯಬೇಡಿ. ಒಂದಾದ ಮೇಲೆ ಅದರ ಎದುರಿನದು, ಹೀಗೆ ಬಿಗಿಯಿರಿ. ಚಕ್ರ ಬಿಚ್ಚಿ ಹಾಕಿದ್ದರೆ ಸ್ವಲ್ಪ ಹೊತ್ತು ಕೆಲಸ ಮಾಡಿಸಿ ಮತ್ತೊಮ್ಮೆ ಬಿಗಿಯಿರಿ. ಚಕ್ರದ ತೂತುಗಳೇ ಅಗಲವಾಗಿದ್ದರೆ ಆ ಚಕ್ರದಲ್ಲಿ ಓಡಿಸಬೇಡಿ.

ಬದು ಹತ್ತಿಳಿಯುವಾಗ, ಗುಂಡಿಗೆ ಬಿದ್ದಾಗ, ಸ್ಟೇರಿಂಗು ತಿರುಗಿಸಿದಾಗ ಸದ್ದು ಬಂದರೆ ಮುಂದಿನ ಅಚ್ಚಿನ ಕೀಲುಗಳನ್ನು ಪರೀಕ್ಷಿಸಬೇಕು. ಇದಕ್ಕೆ ಮುಂಭಾಗವನ್ನು ಎತ್ತಬೇಕಾಗುತ್ತದೆ. ಇಲ್ಲಿ ಜೋಕೆ! ಸಮ ನೆಲದಲ್ಲಿ ನಿಲ್ಲಿಸಿ, ಇಂಜಿನು ಆರಿಸಿ, ಬ್ರೇಕು ಬಿಗಿದು, ಹಿಂದಿನ ಚಕ್ರಗಳಿಗೆ ಹಿಂದೆಮುಂದೆ ತಡೆ ಕೊಡಿ. ಜಾಕಿನಿಂದ ಎತ್ತಿದ ಮೇಲೆ ಗಟ್ಟಿ ಮರದ ದಿಮ್ಮಿ ಕೊಡಿ. ಬರೀ ಜಾಕನ್ನು ನಂಬಬೇಡಿ, ಇಟ್ಟಿಗೆಯನ್ನಂತೂ ಮೊದಲೇ ನಂಬಬೇಡಿ. ಮಕ್ಕಳನ್ನು ದೂರವಿಡಿ.

ಈಗ ಮನೆಯವರೊಬ್ಬರು ಸ್ಟೇರಿಂಗು ಅಲುಗದಂತೆ ಹಿಡಿಯಲಿ. ನೀವು ಚಕ್ರದ ಮುಂಬದಿ ಹಿಂಬದಿ ಹಿಡಿದು ಅಲ್ಲಾಡಿಸಿ. 'ಕಟಕ್' ಎಂದರೆ ಸ್ಟೇರಿಂಗ್ ರಾಡಿನ ತುದಿಯ ಬಾಲ್ ಜಾಯಿಂಟಿನಲ್ಲಿ ಬೆರಳಿಟ್ಟು ನೋಡಿ. ಸವೆದಿದ್ದರೆ ಕೈಗೇ ಗೊತ್ತಾಗುತ್ತದೆ. ಮತ್ತೆ ಚಕ್ರದ ತಲೆ ಮತ್ತು ಬುಡ ಹಿಡಿದು ಅಲ್ಲಾಡಿಸಿ. ಚಕ್ರ ಮಾತ್ರ ಅಲುಗಿದರೆ ಬೇರಿಂಗು ಸಡಿಲ. ಚಕ್ರದ ಜೊತೆ ಅದನ್ನು ಹೊತ್ತ ಕಂಬವೂ ಅಲುಗಿದರೆ ಕಿಂಗ್ ಪಿನ್ನಿನ ಬುಷ್ಷು ಸವೆದಿದೆ. ಕೊನೆಗೆ ಅಚ್ಚಿನ ನಡುವೆ ಹಾರೆ ಕೊಟ್ಟು ಹಿಂದೆಮುಂದೆ ಮೀಟಿ. ಅಲ್ಲಿ ಸದ್ದಾದರೆ ಸೆಂಟರ್ ಪಿನ್ನು ಇಲ್ಲವೇ ಅದರ ಬುಷ್ಷು ಹೋಗಿದೆ.

ಬುಷ್ಷು ಸವೆಯಲು ಹೆಚ್ಚಾಗಿ ಕಾರಣವೇನು? ಗ್ರೀಸಿನ ಬಡತನ. ಗಾಡಿಗೆ ಕೀಲೆಣ್ಣೆ ಹಾಕುವುದನ್ನು ನಮ್ಮ ಹಿರಿಯರು ಮರೆಯುತ್ತಿರಲಿಲ್ಲ. ಟ್ರಾಕ್ಟರಿನ ಜೊತೆ ಬಂದ ಕೈಪಿಡಿಯಲ್ಲಿ ಯಾವ ನಿಪ್ಪಲಿಗೆ ಎಷ್ಟು ಗಂಟೆಗೊಮ್ಮೆ ಗ್ರೀಸೆಂದು ಬರೆದಿರುತ್ತದೆ. ಓದುವ ಮಗನಿಂದಲೋ ಮಗಳಿಂದಲೋ ಓದಿಸಿ ಕೇಳಿ. ಕೆಸರುಗದ್ದೆಯಲ್ಲಿ ದುಡಿದ ದಿನವಂತೂ ತಪ್ಪಿಸಬೇಡಿ. ಮೊದಲು ನಿಪ್ಪಲನ್ನು ಒರೆಸಿ, ಹಳೆಯ ಕೊಳೆ ಹೊರಬಂದು ಹೊಸ ಗ್ರೀಸು ಕಾಣುವತನಕ ಒತ್ತಿ.

ಒಂದು ಎಚ್ಚರಿಕೆ. ಸವೆದ ಕೀಲಿಗೆ ಗ್ರೀಸು ತುಂಬಿದರೆ ಸದ್ದು ಅಡಗುತ್ತದೆ, ರೋಗ ಅಡಗುವುದಿಲ್ಲ. ಸವೆದ ಬಾಲ್ ಜಾಯಿಂಟನ್ನು ಸುತ್ತಿಗೆಯಿಂದ ಬಡಿದು ಬಿಗಿಮಾಡುವುದೂ ತರವಲ್ಲ. ಹೊಸದನ್ನೇ ಹಾಕಿಸಿ, ನಟ್ಟಿಗೆ ಸ್ಪ್ಲಿಟ್ ಪಿನ್ನು ಹಾಕಿದ್ದಾರೆಯೇ ಎಂದು ಕಣ್ಣಾರೆ ನೋಡಿ. ಓಡುವಾಗ ಆ ಕೀಲು ಕಳಚಿದರೆ ಸ್ಟೇರಿಂಗು ನಿಮ್ಮ ಕೈಯಲ್ಲಿರುತ್ತದೆ, ಚಕ್ರ ಮಾತ್ರ ನಿಮ್ಮ ಮಾತು ಕೇಳುವುದಿಲ್ಲ.

ಹಾಗಾದರೆ ನೆನಪಿಡಬೇಕಾದ್ದು ಇಷ್ಟು. ಪಿನ್ನು, ನಟ್ಟು, ಸ್ಟೇರಿಂಗು, ಈ ಮೂರರಲ್ಲಿ ಸದ್ದು ಬಂದರೆ ಕೆಲಸ ಎಷ್ಟೇ ಅವಸರದ್ದಾಗಿರಲಿ, ಅಲ್ಲೇ ನಿಲ್ಲಿಸಿ. ಟ್ರೈಲರು ಇರುವುದು ಸಾಮಾನಿಗೆ. ಗಾಡಿ ಚೆನ್ನಾಗಿದ್ದರೂ ಅದರಲ್ಲಿ ಜನರನ್ನು ಕೂಡಿಸಬೇಡಿ. ಬೆಳಿಗ್ಗೆ ಚಾವಿ ತಿರುಗಿಸುವ ಮುನ್ನ ಟ್ರಾಕ್ಟರಿಗೊಂದು ಸುತ್ತು ಬಂದು ಈ ಮೂರನ್ನೂ ಮುಟ್ಟಿ ನೋಡಿ. ಎತ್ತಿನ ಮೈ ಸವರದೆ ನೊಗ ಹೂಡುತ್ತಿದ್ದಿರೇನು? ಇದೂ ಹಾಗೆಯೇ.