ಎಷ್ಟು ಮಾರು ಆಳದ ಮೀನು?

ರಾಣೇಬೆನ್ನೂರು ಸೀಮೆಯ ನಮ್ಮ ಹಲಗೇರಿಗೆ ಕಡಲು ಕಾಣುವುದಿಲ್ಲ. ಆದರೂ ಕಡಲಿನೊಂದಿಗೆ ನಮ್ಮ ಸೀಮೆಗೆ ಕೊಡುಕೊಳ್ಳುವ ನಂಟಿದೆ. ಬ್ಯಾಡಗಿಯ ಮೆಣಸಿನಕಾಯಿ ಘಟ್ಟ ಇಳಿದು ಹೋಗಿ ಮಂಗಳೂರು, ಉಡುಪಿಯ ಮೀನುಸಾರಿಗೆ ಕೆಂಪು ಬಣ್ಣ ಕೊಡುತ್ತದೆ. ಅತ್ತ ಕಡೆಯಿಂದ ಐಸು ತುಂಬಿದ ಪೆಟ್ಟಿಗೆಗಳಲ್ಲಿ ಬಂಗಡೆ ಘಟ್ಟ ಹತ್ತಿ ನಮ್ಮ ಊರುಗಳಿಗೆ ಬರುತ್ತದೆ. ರಾಣೇಬೆನ್ನೂರಿನಿಂದ ಹೊರಡುವ ರಾಷ್ಟ್ರೀಯ ಹೆದ್ದಾರಿ 766ಸಿ ಶಿಕಾರಿಪುರ, ಕೊಲ್ಲೂರು ದಾಟಿ ಬೈಂದೂರಿನಲ್ಲಿ ಕರಾವಳಿ ಮುಟ್ಟುತ್ತದೆ. ಅರಬ್ಬಿ ಸಮುದ್ರದಲ್ಲಿ ಮೀನು ಎಷ್ಟಿದೆ ಎಂಬ ಪ್ರಶ್ನೆ ಹೀಗೆ ನಮ್ಮ ಅಡುಗೆಮನೆಯ ಪ್ರಶ್ನೆಯೂ ಹೌದು.

ಈ ಪ್ರಶ್ನೆ ಎಷ್ಟು ತೊಡಕಿನದು ಎಂದು ತಿಳಿಯಲು ಮೊದಲು ನಮ್ಮ ಕೃಷ್ಣಮೃಗಗಳನ್ನೇ ನೋಡೋಣ. ರಾಣೇಬೆನ್ನೂರಿನ ಅಭಯಾರಣ್ಯ ಶುರುವಾದದ್ದು 1974ರಲ್ಲಿ. ವಿಸ್ತೀರ್ಣ 119 ಚದರ ಕಿಲೋಮೀಟರ್. ಮುಂಜಾನೆ ಬಯಲಿನಲ್ಲಿ ಮೇಯುವ ಹಿಂಡು ಬಿಸಿಲೇರಿದ ಮೇಲೆ ನೆರಳು ಹುಡುಕಿಕೊಂಡು ಹೋಗುತ್ತದೆ. ನಡು ಮಧ್ಯಾಹ್ನ ಬಯಲನ್ನಷ್ಟೇ ನೋಡಿ ಎಣಿಸಿದರೆ ಸಂಖ್ಯೆ ಇಳಿದಂತೆ ಕಾಣುತ್ತದೆ. ಇಳಿದದ್ದು ಮೃಗಗಳಲ್ಲ, ನಮ್ಮ ಕಣ್ಣಿಗೆ ಬಿದ್ದ ಮೃಗಗಳು. ಕಡಲಿನಲ್ಲಿ ಈ ತೊಡಕು ಇನ್ನೂ ಹೆಚ್ಚು. ಅಲ್ಲಿ ಜೀವಿಗಳು ಅತ್ತಿತ್ತ ಹೋಗುವುದಷ್ಟೇ ಅಲ್ಲ, ಮೇಲೆ ಕೆಳಗೆ ಕೂಡ ಓಡಾಡುತ್ತವೆ.

ಹಗಲು ಕೆಳಗೆ, ಇರುಳು ಮೇಲೆ

ಎರಡನೇ ಮಹಾಯುದ್ಧದ ಕಾಲದಲ್ಲಿ ಜಲಾಂತರ್ಗಾಮಿಗಳನ್ನು ಪತ್ತೆ ಹಚ್ಚಲು ಕಡಲಿಗೆ ಶಬ್ದ ಕಳಿಸುತ್ತಿದ್ದವರಿಗೆ ಒಂದು ಅಚ್ಚರಿ ಎದುರಾಯಿತು. ನೂರಾರು ಮೀಟರ್ ಆಳದಲ್ಲಿ, ಇನ್ನೊಂದು ನೆಲ ಇದ್ದಂತೆ, ಒಂದು ಪದರ ಮರುದನಿ ಕೊಡುತ್ತಿತ್ತು. ಸಂಜೆಯಾದರೆ ಆ 'ನೆಲ' ಮೇಲಕ್ಕೇರುತ್ತಿತ್ತು, ಬೆಳಗಾದರೆ ಮತ್ತೆ ಇಳಿಯುತ್ತಿತ್ತು. ಕೊನೆಗೆ ತಿಳಿದದ್ದೇನೆಂದರೆ, ಅದು ನೆಲವಲ್ಲ. ಸಣ್ಣ ಮೀನು, ಸೀಗಡಿಯಂಥ ಜೀವಿಗಳ ದೊಡ್ಡ ದಂಡು. ಹಗಲಿನ ಬೆಳಕಿನಲ್ಲಿ ಬೇಟೆಗಾರರ ಕಣ್ಣಿಗೆ ಬೀಳಬಾರದೆಂದು ಕತ್ತಲ ಆಳಕ್ಕಿಳಿದು, ರಾತ್ರಿ ಉಣ್ಣಲು ಮೇಲೆ ಬರುವುದು ಅವುಗಳ ದಿನಚರಿ.

ನಮ್ಮ ಅರಬ್ಬಿ ಸಮುದ್ರ ಇಂಥ ಮೀನುಗಳ ದೊಡ್ಡ ತವರು. ಮೈಮೇಲೆ ಬೆಳಕಿನ ಚುಕ್ಕೆಗಳಿರುವ ಬೆರಳುದ್ದದ ದೀಪಮೀನುಗಳು ಇಲ್ಲಿ ಹೇರಳವಾಗಿವೆ. ಜಗತ್ತಿನ ಕಡಲುಗಳ ನಡುಪದರದಲ್ಲಿರುವ ಮೀನಿನ ಒಟ್ಟು ತೂಕ ಸುಮಾರು 100 ಕೋಟಿ ಟನ್ ಎಂದು 1980ರಲ್ಲಿ ಅಂದಾಜಿಸಲಾಗಿತ್ತು. ಆ ಲೆಕ್ಕಕ್ಕೆ ಆಧಾರ ಬಲೆ. ಸ್ಪೇನಿನ ಮಲಸ್ಪಿನಾ ಯಾನ 2010ರಲ್ಲಿ ಹೊರಟು ಶಬ್ದದ ಮೂಲಕ ಅಳತೆ ಮಾಡಿತು. ಅದನ್ನು ಆಧರಿಸಿ 2014ರಲ್ಲಿ ಪ್ರಕಟವಾದ ಲೆಕ್ಕ ಹೆಚ್ಚುಕಡಿಮೆ ಅದರ ಹತ್ತು ಪಟ್ಟು! ಮೂವತ್ತು ವರ್ಷಗಳಲ್ಲಿ ಮೀನು ಹತ್ತು ಪಟ್ಟು ಹುಟ್ಟಲಿಲ್ಲ. ಬಲೆ ಬರುವುದನ್ನು ಮೊದಲೇ ಅರಿತು ಈ ಮೀನುಗಳು ದಾರಿ ಬಿಡುತ್ತವೆ ಎಂಬುದು ಈಗ ಅರ್ಥವಾಗಿದೆ.

ದನಿಯ ಲೆಕ್ಕದ ಮಿತಿ

ಹಾಗಾದರೆ ದನಿಯನ್ನೇ ನಂಬಬಹುದಲ್ಲ? ಅಲ್ಲಿಯೂ ಆಳ ಅಡ್ಡ ಬರುತ್ತದೆ. ಕಡಲಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ. ಹಡಗಿನ ತಳದಿಂದ ಕಳಿಸಿದ ದನಿ ಮೀನಿಗೆ ತಾಗಿ ಮರಳುತ್ತದೆ. ಆ ಮರುದನಿಯ ಬಹುಪಾಲು ಹುಟ್ಟುವುದು ಮಾಂಸದಿಂದಲ್ಲ, ಮೀನಿನ ಹೊಟ್ಟೆಯೊಳಗಿನ ಗಾಳಿಚೀಲದಿಂದ. ನೀರಿನಲ್ಲಿ ಪ್ರತಿ 10 ಮೀಟರ್ ಇಳಿದಂತೆ ಒಂದು ವಾತಾವರಣದಷ್ಟು ಒತ್ತಡ ಹೆಚ್ಚುತ್ತದೆ. ಮೇಲ್ಮೈಯಲ್ಲಿ ತುಂಬಿಕೊಂಡ ಗಾಳಿ 10 ಮೀಟರ್ ಆಳದಲ್ಲಿ ಅರ್ಧವಾಗುತ್ತದೆ, 90 ಮೀಟರ್‌ನಲ್ಲಿ ಹತ್ತರಲ್ಲಿ ಒಂದು ಪಾಲಾಗುತ್ತದೆ. ಬೂತಾಯಿ, ಹೆರ್ರಿಂಗ್ ಬಳಗದ ಮೀನುಗಳಿಗೆ ಆಳದಲ್ಲಿ ಹೊಸದಾಗಿ ಗಾಳಿ ತುಂಬಿಕೊಳ್ಳುವ ಗ್ರಂಥಿ ಇಲ್ಲ. ಹೀಗಾಗಿ ಅದೇ ಮೀನು ಆಳಕ್ಕಿಳಿದರೆ ಅದರ ಮರುದನಿ ಕ್ಷೀಣಿಸುತ್ತದೆ. ಎಷ್ಟು ಆಳದಲ್ಲಿತ್ತು ಎಂದು ಹಿಡಿದು ತಿದ್ದದಿದ್ದರೆ ನೂರು ಮೀನು ಐವತ್ತಾಗಿ ಕಾಣಬಹುದು.

ಹಡಗಿನ ಸದ್ದಿಗೆ ಬೆಚ್ಚಿದ ಮೀನು ತಲೆ ಕೆಳಗೆ ಮಾಡಿ ಧುಮುಕುತ್ತದೆ. ಆಗ ಗಾಳಿಚೀಲ ದನಿಗೆ ಓರೆಯಾಗಿ, ಮರುದನಿ ಇನ್ನಷ್ಟು ಸಣ್ಣದಾಗುತ್ತದೆ. ಮೇಲ್ಮೈಗೆ ತೀರ ಹತ್ತಿರ ಈಜುವ ಹಿಂಡು ಯಂತ್ರಕ್ಕಿಂತ ಮೇಲಿರುವುದರಿಂದ ಅದಕ್ಕೆ ಕಾಣುವುದೇ ಇಲ್ಲ. ನೆಲಕ್ಕೆ ಅಂಟಿಕೊಂಡಿರುವ ಮೀನಿನ ದನಿ ನೆಲದ ದೊಡ್ಡ ಮರುದನಿಯಲ್ಲಿ ಮುಳುಗಿಹೋಗುತ್ತದೆ. ಹೀಗೆ ಮೇಲೊಂದು, ಕೆಳಗೊಂದು ಕುರುಡು ಪದರ ಉಳಿದೇ ಉಳಿಯುತ್ತದೆ.

ಮಳೆಗಾಲದ ಕಡಲು

ನಮ್ಮ ಕರಾವಳಿಯಲ್ಲಿ ಇದಕ್ಕೆ ಋತುಮಾನದ ಲೆಕ್ಕವೂ ಸೇರುತ್ತದೆ. ನೈಋತ್ಯ ಮುಂಗಾರಿನ ತಿಂಗಳುಗಳಲ್ಲಿ ಆಳದ ತಣ್ಣನೆಯ ನೀರು ದಡದ ಕಡೆ ಮೇಲೇರುತ್ತದೆ. ಅದರಲ್ಲಿ ಪೋಷಕಾಂಶ ಹೆಚ್ಚು, ಆಮ್ಲಜನಕ ತೀರ ಕಡಿಮೆ. ಉಸಿರಾಡಲಾಗದ ಮೀನುಗಳು ಕೆಳಪದರ ಬಿಟ್ಟು ಮೇಲಿನ ತೆಳು ಪದರದಲ್ಲಿ, ದಡದ ಸಮೀಪ ಒತ್ತೊತ್ತಾಗಿ ಸೇರುತ್ತವೆ. ಆಗ ನೆಲ ಗುಡಿಸುವ ಟ್ರಾಲ್ ಬಲೆಗೆ ಸಿಗುವುದು ಕಡಿಮೆ. ಮೇಲ್ಪದರದಲ್ಲಿ ಸುತ್ತುವ ಬಲೆಗೆ ಒಂದೇ ಎಳೆತಕ್ಕೆ ರಾಶಿ ರಾಶಿ. ಕಡಲು ಅದೇ, ಮೀನೂ ಅವೇ. ಆಗಸ್ಟಿನ ಸಮೀಕ್ಷೆಯನ್ನೂ ಜನವರಿಯ ಸಮೀಕ್ಷೆಯನ್ನೂ ಪಕ್ಕಪಕ್ಕದಲ್ಲಿಟ್ಟರೆ ಎರಡು ಬೇರೆ ಕಡಲುಗಳನ್ನು ನೋಡಿದಂತಾಗುತ್ತದೆ.

ಇದನ್ನು ಅರಿಯುವ ದೊಡ್ಡ ಪ್ರಯತ್ನ 1971ರಲ್ಲಿ ಕೊಚ್ಚಿಯಲ್ಲಿ ಆರಂಭವಾಯಿತು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ನಾರ್ವೆಯ ನೆರವಿನೊಂದಿಗೆ ನಡೆಸಿದ ಯೋಜನೆಯಲ್ಲಿ 'ರಾಸ್ಟ್ರೆಲ್ಲಿಗರ್', 'ಸಾರ್ಡಿನೆಲ್ಲಾ' ಎಂಬ ಹಡಗುಗಳು ಪಶ್ಚಿಮ ಕರಾವಳಿಯುದ್ದಕ್ಕೂ ದನಿ ಹಾಕಿ ಮೀನು ಅಳೆದವು. ಎರಡೂ ಹೆಸರು ನಮ್ಮ ಬಂಗಡೆ, ಬೂತಾಯಿಯ ವೈಜ್ಞಾನಿಕ ಕುಲನಾಮಗಳೇ. ಡೆನ್ಮಾರ್ಕಿನಲ್ಲಿ ಕಟ್ಟಿದ 'ಸಾಗರ ಸಂಪದ' 1984ರಲ್ಲಿ ಬಂದ ಮೇಲೆ ಆಳಕಡಲಿನ ಶೋಧಕ್ಕೆ ಹೊಸ ಬಲ ಸಿಕ್ಕಿತು.

ಬಲೆ ಬದಲಾದರೆ ಲೆಕ್ಕವೂ ಬದಲು

ಆದರೂ ಹಡಗುಗಳು ವರ್ಷವಿಡೀ ಎಲ್ಲೆಡೆ ಸುತ್ತಲಾರವು. ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆ ದಶಕಗಳಿಂದ ಬಂದರುಗಳಲ್ಲಿ, ದಕ್ಕೆಗಳಲ್ಲಿ ಮಾದರಿ ದಿನಗಳನ್ನು ಆರಿಸಿ, ಇಳಿದ ಮೀನಿನಿಂದ ಅಂದಾಜು ಕಟ್ಟುತ್ತ ಬಂದಿದೆ. ಬಹಳ ಶ್ರಮದ, ಬೆಲೆಬಾಳುವ ದಾಖಲೆಯಿದು. ಆದರೆ ಅದನ್ನು ಓದುವಾಗ ಬಲೆಯ ಚರಿತ್ರೆ ನೆನಪಿರಬೇಕು. ಊರೆಲ್ಲ ಸೇರಿ ದಡದಿಂದ ಎಳೆಯುತ್ತಿದ್ದ ರಂಪಣಿಗೆ ಸಿಗುತ್ತಿದ್ದದ್ದು ದಡಕ್ಕೆ ಬಂದ ಮೀನು ಮಾತ್ರ. 1970ರ ದಶಕದ ನಡುವೆ ಪರ್ಸೀನ್ ಬಂತು. ಮೀನು ಬರಲೆಂದು ಕಾಯದೆ, ಇದ್ದಲ್ಲಿಗೇ ಹೋಗಿ ಸುತ್ತುಗಟ್ಟಿತು. ಬಳಿಕ ಫಿಶ್ ಫೈಂಡರ್ ಬಂತು. ಕತ್ತಲಲ್ಲಿ ಪ್ರಖರ ದೀಪ ಹಾಯಿಸಿ ಮೀನು ಸೆಳೆಯುವ ಬೆಳಕಿನ ಮೀನುಗಾರಿಕೆ ಬಂತು. ಅದನ್ನು ಕೇಂದ್ರ ಸರ್ಕಾರ 2017ರಲ್ಲಿ ನಿಷೇಧಿಸಿತು. ಪ್ರತಿ ಹೊಸ ಬಲೆ ಕಡಲಿನ ಹೊಸ ಪದರವೊಂದನ್ನು ಬಗೆದಿದೆ.

ಹಿಡಿದ ಮೀನು ಕುಗ್ಗಲಿಲ್ಲ ಎಂದರೆ ಕಡಲಿನಲ್ಲೂ ಕುಗ್ಗಿಲ್ಲ ಎಂದು ನಂಬುವುದು ಎಷ್ಟು ಅಪಾಯ ಎಂಬುದನ್ನು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕಲಿಸಿತು. ಅಲ್ಲಿನ ಕಾಡ್ ಮೀನು ಕಡಿಮೆಯಾಗುತ್ತ ಹೋದರೂ ಉಳಿದವು ಒಂದೆಡೆ ಗುಂಪುಗೂಡುತ್ತಿದ್ದವು. ದೊಡ್ಡ ದೋಣಿಗಳು ಅಲ್ಲಿಗೇ ಹೋಗಿ ಎಂದಿನಂತೆ ಬಲೆ ತುಂಬಿಕೊಂಡವು. 1992ರ ಜುಲೈನಲ್ಲಿ ಆ ಮೀನುಗಾರಿಕೆಯನ್ನೇ ಮುಚ್ಚಬೇಕಾಯಿತು. ಸಾವಿರಾರು ಕುಟುಂಬಗಳ ಅನ್ನ ಹೋಯಿತು. ಬೂತಾಯಿಯ ಏರಿಳಿತವೂ ಸಣ್ಣದಲ್ಲ. 2012ರಲ್ಲಿ ಕೇರಳವೊಂದರಲ್ಲೇ ಸುಮಾರು 4 ಲಕ್ಷ ಟನ್ ಇಳಿದ ಮೀನು, 2021ರಲ್ಲಿ ಕೆಲವೇ ಸಾವಿರ ಟನ್ನಿಗೆ ಕುಸಿದಿತ್ತು. ಇಂಥ ಕುಸಿತ ಕಂಡಾಗ ಕೇಳಲೇಬೇಕಾದ ಪ್ರಶ್ನೆಗಳು: ಮೀನು ಸತ್ತಿತೇ, ಹುಟ್ಟಲೇ ಇಲ್ಲವೇ, ಇಲ್ಲ ಬಲೆಗೆ ಎಟುಕದ ನೀರಿಗೆ ಸರಿಯಿತೇ? ಮೂರಕ್ಕೂ ಮದ್ದು ಬೇರೆ ಬೇರೆ.

ಜೂನ್ ಮತ್ತು ಜುಲೈನಲ್ಲಿ ನಮ್ಮ ಕರಾವಳಿಯ ಯಾಂತ್ರಿಕ ದೋಣಿಗಳು 61 ದಿನ ದಡದಲ್ಲಿ ನಿಲ್ಲುತ್ತವೆ. ಅಷ್ಟು ಜನರ ದುಡಿಮೆ ನಿಲ್ಲಿಸಿ ಕೇಳುವ ತ್ಯಾಗಕ್ಕೆ ಗಟ್ಟಿ ಲೆಕ್ಕದ ಬೆಂಬಲ ಬೇಕು. ಅದಕ್ಕಾಗಿ ಎಷ್ಟು ಟನ್ ಎಂಬ ಅಂಕಣದ ಪಕ್ಕ ಇನ್ನೆರಡು ಅಂಕಣ ಬೇಕೆಂದು ನನ್ನ ಬಲವಾದ ನಂಬಿಕೆ: ಯಾವ ಹೊತ್ತು, ಎಷ್ಟು ಆಳ. ಇವು ದೋಣಿ ನಡೆಸುವ ತಾಂಡೇಲರಿಗೆ ಗೊತ್ತಿರುವ ಸಂಗತಿಗಳೇ. ಬಲೆ ಬಿಡುವ ಮುನ್ನ ನೀರಿನ ಬಣ್ಣ, ಹಕ್ಕಿಗಳ ಹಾರಾಟ, ಆಳ ನೋಡದೆ ಅವರು ಕೈ ಹಾಕುವುದಿಲ್ಲ. ದಕ್ಕೆಯಲ್ಲಿ ಬುಟ್ಟಿ ತೂಗುವಾಗ ಅವರನ್ನು ಕೇಳಿ ಬರೆದಿಟ್ಟರೆ ವಿಜ್ಞಾನಕ್ಕೆ ದೊಡ್ಡ ಆಸರೆಯಾದೀತು.

ನಮ್ಮಲ್ಲಿ ಹಗ್ಗ, ಹೂವಿನ ಮಾಲೆ ಅಳೆಯುವುದು ಮಾರಿನಲ್ಲಿ. ಎರಡೂ ಕೈ ಚಾಚಿದರೆ ಒಂದು ಮಾರು. ಕಡಲ ಮಕ್ಕಳು ನೀರಿನ ಆಳಕ್ಕೂ ಅದೇ ಮಾತು ಬಳಸುತ್ತಾರೆ. ಮುಂದಿನ ಸಲ ಅಂಗಡಿಯಲ್ಲಿ ಬಂಗಡೆಯ ಬೆಲೆ ಏಕೆ ಏರಿತು ಎಂದು ಕೇಳುವಾಗ ನಾವೂ ಆ ಪ್ರಶ್ನೆ ಕಲಿಯೋಣ: ಈ ವರ್ಷ ಮೀನು ಎಷ್ಟು ಮಾರು ಕೆಳಗಿದೆ?